ಪೀವಿಟ್ ಎಂಬ ಕಂಪನಿ ಈಗ ಇಲ್ಲ

ಪೆನ್ರಿನ್, ಕಾರ್ನ್‌ವಾಲ್
14 ಜನವರಿ 2019

ಶ್ರೀಮತಿ ಮಾರ್ಜರಿ ಹೆಸ್ಕೆತ್ ಅವರಿಗೆ,

ನನ್ನ ಹೆಸರು ಐವರ್ ಪೆಂಗೆಲ್ಲಿ. ಹೆಸರಿನಿಂದ ಗುರುತು ಸಿಗಲಿಕ್ಕಿಲ್ಲ. ಕಳೆದ ಅಕ್ಟೋಬರಿನಲ್ಲಿ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ ಪೀವಿಟ್ ಪವರ್ ಕಂಪನಿಯ ಪರವಾಗಿ ನಿಮ್ಮ ಎದುರಿಗೆ ಕುಳಿತಿದ್ದವನು ನಾನು. ನ್ಯಾಯಾಧೀಶೆಯ ಕೋಣೆಯ ಆ ಉದ್ದ ಮೇಜಿನ ಒಂದು ಬದಿಗೆ ನೀವು ಮತ್ತು ನಿಮ್ಮ ಯಜಮಾನರು, ಇನ್ನೊಂದು ಬದಿಗೆ ನಾನೊಬ್ಬನೇ.

ನೀವು ಗೆದ್ದಿರಿ. ನಿಮ್ಮ ಮನೆಯ ಕೆಳಗಿನ ಮೀನಿನಂಗಡಿಯ ಎರಡು ದೊಡ್ಡ ಫ್ರೀಜರ್‌ಗಳ ಕರೆಂಟು ಹದಿನಾಲ್ಕು ತಿಂಗಳು ನಿಮ್ಮ ಬಿಲ್ಲಿಗೆ ಸೇರಿತ್ತು, ಅದನ್ನು ಮರಳಿಸಬೇಕು ಎಂದು ತೀರ್ಪಾಯಿತು. ಒಂದು ಸಾವಿರದ ಮುನ್ನೂರ ಹನ್ನೆರಡು ಪೌಂಡ್, ಹದಿನಾಲ್ಕು ದಿನದೊಳಗೆ. ಅದು ನಿಮಗೆ ಇನ್ನೂ ತಲುಪಿಲ್ಲ ಎಂದು ನನಗೆ ಗೊತ್ತು. ಅಷ್ಟರಲ್ಲಿ ಆಸ್ಟರ್‌ಲೀ ಗ್ರೂಪ್ ನಮ್ಮ ಕಂಪನಿಯನ್ನು ಕೊಂಡುಕೊಂಡಿತು. ಡಿಸೆಂಬರಿನಲ್ಲಿ ನೀವು ಮತ್ತೆ ಕೇಳಿದಾಗ, 'ಪೀವಿಟ್ ಎಂಬ ಕಂಪನಿ ಈಗ ಇಲ್ಲ, ಅದರ ಹಳೆಯ ವ್ಯವಹಾರಗಳಿಗೆ ನಾವು ಹೊಣೆಯಲ್ಲ' ಎಂಬ ಉತ್ತರ ನಿಮಗೆ ಬಂದಿತು.

ಆ ಉತ್ತರ ಸರಿಯಲ್ಲ. ಆಸ್ಟರ್‌ಲೀಯವರು ಪೀವಿಟ್‌ನ ಗ್ರಾಹಕರನ್ನಷ್ಟೇ ಕೊಳ್ಳಲಿಲ್ಲ, ಇಡೀ ಕಂಪನಿಯನ್ನೇ ಕೊಂಡು ಅದಕ್ಕೆ ಬೇರೆ ಹೆಸರಿಟ್ಟರು. ಕಂಪನಿಗಳ ಸರ್ಕಾರಿ ದಾಖಲೆಯಲ್ಲಿ ಅದರ ನೋಂದಣಿ ಸಂಖ್ಯೆ ಮೊದಲು ಯಾವುದಿತ್ತೋ ಈಗಲೂ ಅದೇ ಇದೆ. ಆದ್ದರಿಂದ ನಿಮ್ಮ ತೀರ್ಪು ಇನ್ನೂ ಜೀವಂತವಾಗಿದೆ. ಅದನ್ನು ಜಾರಿ ಮಾಡಿಸಬಹುದು.

ನಿಮ್ಮ ವಿಳಾಸವನ್ನು ನಾನು ನೆನಪಿಟ್ಟುಕೊಳ್ಳಬಾರದಿತ್ತು. ಅದಕ್ಕೆ ಕ್ಷಮೆ ಇರಲಿ.

ಐವರ್ ಪೆಂಗೆಲ್ಲಿ


ಫ್ಲೀಟ್‌ವುಡ್, ಲ್ಯಾಂಕಶೈರ್
22 ಜನವರಿ 2019

ಮಿ. ಪೆಂಗೆಲ್ಲಿ,

ನೀವು ನನಗೆ ಚೆನ್ನಾಗಿ ನೆನಪಿದ್ದೀರಿ. ಬೂದು ಸೂಟು, ಬಿಡದ ಕೆಮ್ಮು.

'ಪೀವಿಟ್ ಎಂಬ ಕಂಪನಿ ಈಗ ಇಲ್ಲ' ಎಂಬ ಆ ಕಾಗದ ಈಗ ನನ್ನ ಮುಂದಿದೆ. ಅದರ ಕೆಳಗಿನ ಸಹಿಯನ್ನೂ ನಿಮ್ಮ ಪತ್ರದ ಸಹಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎರಡೂ ಒಂದೇ ಕೈ. ಡಿಸೆಂಬರಿನಲ್ಲಿ ಕಂಪನಿ ಇಲ್ಲ ಎಂದು ಬರೆದವರೂ ನೀವೇ, ಜನವರಿಯಲ್ಲಿ ಇದೆ ಎಂದು ಬರೆಯುವವರೂ ನೀವೇ. ನಾನು ನಲವತ್ತು ವರ್ಷ ಮೀನಿಗೆ ಹೊಗೆ ಕೊಟ್ಟು ಒಣಗಿಸುವ ಶೆಡ್ಡಿನಲ್ಲಿ ದುಡಿದವಳು. ಕೆಟ್ಟ ಮೀನನ್ನು ಪೊಟ್ಟಣ ಬಿಚ್ಚದೆಯೇ ಗುರುತಿಸಬಲ್ಲೆ.

ನನಗನ್ನಿಸುವುದು ಇಷ್ಟು. ನಾನು ಮತ್ತೊಂದು ಅರ್ಜಿಗೆ ಶುಲ್ಕ ಕಟ್ಟಲಿ, ಅದೂ ಬಿದ್ದುಹೋಗಲಿ, ಮುದುಕಿ ಆಮೇಲೆ ಸುಮ್ಮನಾಗುತ್ತಾಳೆ ಎಂದು ನಿಮ್ಮ ಹೊಸ ಧಣಿಗಳು ನಿಮ್ಮ ಕೈಯಿಂದ ಬರೆಸಿದ್ದಾರೆ. ನನ್ನ ಯಜಮಾನರದೂ ಅದೇ ಅಭಿಪ್ರಾಯ. ಪತ್ರ ಓದಿ ಹೇಳಿದಾಗ ರಾಲ್ಫ್ ಅಂದದ್ದು, "ಒಲೆಗೆ ಹಾಕ್ ಅದನ್ನ. ಒಂದ್ಸಲ ಸುಳ್ಳು ಹೇಳ್ದೋನು ಎರಡನೇ ಸಲಕ್ಕೆ ಪಳಗಿರ್ತಾನೆ."

ನಾವಿಬ್ಬರೂ ಚೆನ್ನಾಗಿದ್ದೇವೆ. ನಮಗೇನೂ ಬೇಕಿಲ್ಲ.

ಮಾರ್ಜರಿ ಹೆಸ್ಕೆತ್


ಪೆನ್ರಿನ್
30 ಜನವರಿ 2019

ಶ್ರೀಮತಿ ಹೆಸ್ಕೆತ್ ಅವರಿಗೆ,

ಆ ಸಹಿ ನನ್ನದೇ. ಅದಕ್ಕೆ ನೆಪ ಹೇಳುವುದಿಲ್ಲ.

ಇನ್ನೊಂದು ವಿಷಯ ನಾನೇ ಹೇಳುವುದು ಒಳ್ಳೆಯದು. ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ 'ಮೀಟರನ್ನು ನಮ್ಮ ಸಿಬ್ಬಂದಿ ಖುದ್ದಾಗಿ ಪರೀಕ್ಷಿಸಿದ್ದಾರೆ' ಎಂದು ಬರೆದು, ಇದೆಲ್ಲ ಸತ್ಯ ಎಂದು ಸಹಿ ಹಾಕಿದ್ದೆ. ಪರೀಕ್ಷೆಗೆಂದು ಯಾರೂ ಫ್ಲೀಟ್‌ವುಡ್‌ಗೆ ಬಂದಿರಲಿಲ್ಲ. ಮೇಲಿನವರು ಟೈಪು ಮಾಡಿಸಿ ಕೊಟ್ಟರು, ನಾನು ಓದಿ ಸಹಿ ಮಾಡಿದೆ. ನ್ಯಾಯಾಧೀಶೆ "ಯಾರು ಹೋಗಿದ್ರು? ಯಾವತ್ತು?" ಎಂದು ಕೇಳಿದಾಗ ನಾನು ಸುಮ್ಮನೆ ಹಾಳೆ ತಿರುವುತ್ತಿದ್ದುದನ್ನು ನೀವು ನೋಡಿದಿರಿ. ಕೊನೆಗೆ "ಗೊತ್ತಿಲ್ಲ ಮೇಡಂ" ಅಂದೆ. ಆ ದಿನ ನಾನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ನಾನೀಗ ಆ ಕಂಪನಿಯಲ್ಲಿಲ್ಲ. ಹೊಸಬರು ಬಂದ ಮೇಲೆ ಬಹಳ ಜನ ಹೊರಬಿದ್ದರು, ಅವರಲ್ಲಿ ನಾನೂ ಒಬ್ಬ. ಹುಟ್ಟಿದೂರಿಗೆ ಮರಳಿದ್ದೇನೆ. ಡ್ಯಾಫೊಡಿಲ್ ಹೂವಿನ ಹೊಲಗಳಲ್ಲಿ ಕೆಲಸ. ಮೊಗ್ಗು ಬಿರಿಯುವ ಮೊದಲೇ ಕಿತ್ತು, ಹತ್ತತ್ತರಂತೆ ಎಣಿಸಿ, ರಬ್ಬರ್ ಹಾಕಿ ಕಟ್ಟುತ್ತೇವೆ. ಹೂವಿನ ಹಾಲು ತಾಗಿ ಬೆರಳೆಲ್ಲ ಬಿರಿದಿವೆ. ಅದಕ್ಕೇ ಈ ಅಕ್ಷರ ಹೀಗೆ ಸೊಟ್ಟ.

ನನ್ನನ್ನು ನಂಬಬೇಡಿ. ಗ್ರಂಥಾಲಯಕ್ಕೆ ಹೋಗಿ, ಕಂಪನಿಗಳ ಸರ್ಕಾರಿ ದಾಖಲೆಯನ್ನು ಕಂಪ್ಯೂಟರಿನಲ್ಲಿ ತೆರೆಸಿ ನೋಡಿ. ಅದಕ್ಕೆ ಶುಲ್ಕವಿಲ್ಲ. ನಿಮ್ಮ ಹಳೆಯ ಬಿಲ್ಲಿನ ಕೆಳಗಡೆ ಸಣ್ಣಕ್ಷರದಲ್ಲಿ ನೋಂದಣಿ ಸಂಖ್ಯೆ ಇದೆ, ಡಿಸೆಂಬರಿನ ಕಾಗದದ ಕೆಳಗಡೆಯೂ ಇದೆ. ಎರಡನ್ನೂ ಹೋಲಿಸಿ. ರಾಲ್ಫ್ ಅವರಿಗೆ ಹೇಳಿ, ಅವರ ಅನುಮಾನ ನ್ಯಾಯವಾದದ್ದು.

ಐವರ್ ಪೆಂಗೆಲ್ಲಿ


ಫ್ಲೀಟ್‌ವುಡ್
12 ಫೆಬ್ರವರಿ 2019

ಮಿ. ಪೆಂಗೆಲ್ಲಿ ಅವರಿಗೆ,

ಹತ್ತು ದಿನ ನಿಮ್ಮ ಪತ್ರವನ್ನು ಕಣ್ಣಿಗೆ ಬೀಳದ ಕಡೆ ಇಟ್ಟಿದ್ದೆ. ಹನ್ನೊಂದನೆಯ ದಿನ ಗ್ರಂಥಾಲಯಕ್ಕೆ ಹೋದೆ.

ಅಲ್ಲಿನ ಮಿಸ್ ಎಂಟ್ವಿಸಲ್ ಕನ್ನಡಕ ಏರಿಸಿಕೊಂಡು ಆ ಸಂಖ್ಯೆ ಒತ್ತಿದಳು. ಎರಡು ಕಾಗದದಲ್ಲೂ ಅದೇ ಎಂಟು ಅಂಕೆ. ಅವಳು ಪರದೆಗೆ ಬೆರಳು ಇಟ್ಟು, "ಹೆಸ್ರು ಬದಲಾಯ್ಸಿದ್ ತಾರೀಕು ನೋಡಿ ಮಾರ್ಜರಿ. ನವೆಂಬರ್ ಐದು. ನಿಮ್ ತೀರ್ಪು ಬಂದು ಎರಡೇ ವಾರಕ್ಕೆ" ಅಂದಳು.

"ಹಂಗಾದ್ರೆ ಇವ್ರು ಸತ್ತಿಲ್ವಾ?"

"ಯಾಕ್ ಸಾಯ್ತಾರೆ. ಟೋಪಿ ಬದಲಾಯ್ಸಿದ್ದಾರೆ. ಹಳೇದನ್ನ ನಿಮಗೆ ಹಾಕಿದ್ದಾರೆ."

ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರಿಗೂ ನಗು ಬಂತು. ನನಗೂ ಬಂತು. ತುಂಬಾ ದಿನವಾಗಿತ್ತು.

ನನಗೆ ಇದು ಅರ್ಥವಾಗುವ ವಿಷಯ. ಮದುವೆಗೆ ಮುಂಚೆ ನಾನು ಮಾರ್ಜರಿ ತ್ರೆಲ್‌ಫಾಲ್. ಬೂಟಿನ ಅಂಗಡಿಯವನಿಗೆ ವಾರಕ್ಕಿಷ್ಟು ಎಂದು ಕಂತು ಕಟ್ಟುತ್ತಿದ್ದೆ. ಮದುವೆಯಾದ ಮೂರನೇ ವಾರ ಅವನು ಹೊಸ ಮನೆಯ ಬಾಗಿಲು ತಟ್ಟಿದ. ತ್ರೆಲ್‌ಫಾಲ್ ಎನ್ನುವವಳು ಈಗಿಲ್ಲ ಎಂದು ಹೇಳುವ ಉಪಾಯ ನನಗೆ ಹೊಳೆದಿರಲಿಲ್ಲ.

ಆದರೆ ನೀವು ಸುಳ್ಳಿಗೆ ಸಹಿ ಹಾಕಿದ್ದು ಪರವಾಗಿಲ್ಲ ಎಂದು ನಾನು ಹೇಳುವುದಿಲ್ಲ. ಬಿಲ್ಲು ಕಟ್ಟಲಾಗದೆ ಹೋದಾಗ ನಿಮ್ಮವರು ಬಂದು, ಅಂಗಡಿಯಲ್ಲಿ ಕಾರ್ಡಿಗೆ ಹಣ ತುಂಬಿಸಿ ತಂದರೆ ಮಾತ್ರ ಕರೆಂಟು ಕೊಡುವ ಮೀಟರು ಕೂರಿಸಿ ಹೋದರು. ಮೆಟ್ಟಿಲ ಮೇಲೆ ನಿಂತು ಮೀನಿನಂಗಡಿಯ ಗಿರಾಕಿಗಳೆಲ್ಲ ನೋಡಿದರು. ಅದು ಇವತ್ತಿಗೂ ಗೋಡೆಯ ಮೇಲಿದೆ.

ಮುಂದೇನು ಮಾಡಬೇಕು, ಬರೆಯಿರಿ. ರಾಲ್ಫ್ ನಿಮಗೆ ವಂದನೆ ಹೇಳಿಲ್ಲ. ಆದರೆ ಪತ್ರವನ್ನು ಒಲೆಗೂ ಹಾಕಿಲ್ಲ.

ಮಾರ್ಜರಿ ಹೆಸ್ಕೆತ್


ಪೆನ್ರಿನ್
16 ಫೆಬ್ರವರಿ 2019

ಶ್ರೀಮತಿ ಹೆಸ್ಕೆತ್ ಅವರಿಗೆ,

ನಿಮ್ಮ ಪತ್ರವನ್ನು ಹೊಲದ ಬೇಲಿಯ ಮರೆಯಲ್ಲಿ ನಿಂತು ಓದಿದೆ. ಮೇಸ್ತ್ರಿ ಎರಡು ಸಲ ಕರೆದನಂತೆ, ಕೇಳಿಸಲಿಲ್ಲ.

ತೀರ್ಪಿನ ಮೊತ್ತ ಆರುನೂರು ಪೌಂಡಿಗಿಂತ ಹೆಚ್ಚಿರುವುದರಿಂದ ಅದನ್ನು ಹೈಕೋರ್ಟಿನ ಜಾರಿ ಅಧಿಕಾರಿಗೆ ವರ್ಗಾಯಿಸಬಹುದು. ಅರ್ಜಿಯಲ್ಲಿ ಹೊಸ ಹೆಸರನ್ನು ಬರೆದು, 'ಹಿಂದಿನ ಹೆಸರು ಪೀವಿಟ್ ಪವರ್' ಎಂದು ಪಕ್ಕದಲ್ಲೇ ಸೇರಿಸಬೇಕು. ಹೆಸರು ಬದಲಾದ ಪ್ರಮಾಣಪತ್ರವನ್ನು ಮಿಸ್ ಎಂಟ್ವಿಸಲ್ ಅದೇ ದಾಖಲೆಯಿಂದ ಮುದ್ರಿಸಿ ಕೊಡಬಲ್ಲರು. ಅದನ್ನು ಲಗತ್ತಿಸಿ. ಶುಲ್ಕ ಅರವತ್ತಾರು ಪೌಂಡ್, ಕೊನೆಗೆ ಅದೂ ಅವರಿಂದಲೇ ವಸೂಲಾಗುತ್ತದೆ. ಅಧಿಕಾರಿ ಮೊದಲು ನೋಟಿಸು ಕಳಿಸುತ್ತಾರೆ. ಅದರ ಗಡುವು ಮುಗಿದರೂ ಅವರು ಕೊಡದಿದ್ದರೆ ಕಚೇರಿಗೇ ಹೋಗಿ ಸಾಮಾನು ಜಪ್ತಿ ಮಾಡುತ್ತಾರೆ.

ಕಂಪನಿಯವರು ತಕರಾರು ತೆಗೆದರೆ, ಮೀಟರ್ ಬಗ್ಗೆ ನಾನು ನಿಜವಾದ ಹೇಳಿಕೆ ಬರೆದು ಕೊಡುತ್ತೇನೆ. ಅದರಿಂದ ನನಗೆ ತೊಂದರೆಯಾದರೆ ಆಗಲಿ.

ಇದರ ಜೊತೆ ಒಂದು ಪೆಟ್ಟಿಗೆ ಹೂ ಕಳಿಸಿದ್ದೇನೆ. ಈಗ ಬರೀ ಹಸಿರು ಕಡ್ಡಿಯಂತೆ ಕಾಣುತ್ತವೆ. ನೀರಿನಲ್ಲಿಟ್ಟರೆ ಎರಡು ದಿನಕ್ಕೆ ಅರಳುತ್ತವೆ. ನಿಮಗೂ ರಾಲ್ಫ್ ಅವರಿಗೂ. ಅವರಿಗೆ ನನ್ನ ನೆನಪಿದೆಯೇ, ಯಾವಾಗಲಾದರೂ ಕೇಳಿ ನೋಡಿ.

ಐವರ್


ಫ್ಲೀಟ್‌ವುಡ್
1 ಮಾರ್ಚ್ 2019

ಪ್ರಿಯ ಐವರ್,

ಅರ್ಜಿ ಹೋಯಿತು. ಹೂಗಳೂ ಬಂದವು. ಅಷ್ಟೊಂದಕ್ಕೆ ಹೂದಾನಿ ಇರಲಿಲ್ಲ, ಹಾಲಿನ ಜಗ್ಗು, ಉಪ್ಪಿನಕಾಯಿಯ ಬಾಟಲಿ, ಕೊನೆಗೆ ರಾಲ್ಫ್ ಅವರ ದೊಡ್ಡ ಚಹಾ ಲೋಟದಲ್ಲೂ ಇಟ್ಟೆ. ಎರಡನೆಯ ದಿನ ಅಡಿಗೆಮನೆಗೆ ಬಂದು ನೋಡಿದರೆ ಎಲ್ಲವೂ ಅರಳಿದ್ದವು. ಆ ಲೋಟದ ಮುಂದೆ ಕೂತು, ನಿಮಗೆ ಇನ್ನು ಸುಳ್ಳು ಬರೆಯಬಾರದು ಎಂದುಕೊಂಡೆ.

ರಾಲ್ಫ್ ಇಲ್ಲ. ನವೆಂಬರ್ ಒಂಬತ್ತಕ್ಕೆ ಹೋದರು. ತೀರ್ಪು ಬಂದು ಹದಿನೆಂಟು ದಿನಕ್ಕೆ.

ಒಂಟಿ ಹೆಂಗಸು ಗುರುತಿಲ್ಲದವರಿಗೆ ಒಂಟಿ ಎಂದು ಹೇಳಿಕೊಳ್ಳಬಾರದು ಎಂದು ಅವರೇ ನನಗೆ ಕಲಿಸಿದ್ದು. ಅದಕ್ಕೇ ಅವರನ್ನು ಪತ್ರದಲ್ಲಿ ಬದುಕಿಸಿಟ್ಟಿದ್ದೆ. ಅವರ ಬಾಯಲ್ಲಿ ನಾನು ಹಾಕಿದ ಮಾತುಗಳೆಲ್ಲ ನನ್ನವು. ಅವರಾಗಿದ್ದರೆ ಅಷ್ಟು ಕಟುವಾಗಿ ಹೇಳುತ್ತಿರಲಿಲ್ಲ.

ಮೊದಲಿನಿಂದಲೂ ಅವರಿಗೆ ಎದೆಯ ತೊಂದರೆ ಇತ್ತು. ಆ ಮೀಟರು ಬಂದ ಮೇಲೆ ನಾನು ಅಂಗಡಿಗೆ ಹೋದಾಗ ಹೀಟರ್ ಆರಿಸಿಬಿಡುತ್ತಿದ್ದರು. ನಾನು ಬಂದು ಬೈದರೆ, "ನಂಗೆ ಸೆಕೆ ಆಗ್ತಿತ್ತು ಕಣೇ" ಅನ್ನುತ್ತಿದ್ದರು, ಎರಡು ಕೋಟು ತೊಟ್ಟುಕೊಂಡು. ಸಾವಿಗೆ ಚಳಿ ಕಾರಣವಲ್ಲ ಎಂದು ಡಾಕ್ಟರು ಹೇಳಿದರು. ನಾನು ಅದನ್ನು ನಂಬಿದ್ದೇನೆ. ನೀವೂ ನಂಬಿ. ಇದನ್ನು ನಿಮ್ಮ ತಲೆಗೆ ಕಟ್ಟುವುದಕ್ಕಾಗಿ ಬರೆಯುತ್ತಿಲ್ಲ.

ಡಿಸೆಂಬರಿನಲ್ಲಿ ಕಂಪನಿಗೆ ಮತ್ತೆ ಬರೆದದ್ದೂ ಅವರಿಗಾಗಿಯೇ. ಕೋರ್ಟಿನಿಂದ ಬರುವಾಗ ದಾರಿಯುದ್ದಕ್ಕೂ ನ್ಯಾಯಾಧೀಶೆಯ ಮಾತನ್ನು ಅವರು ಮತ್ತೆ ಮತ್ತೆ ಹೇಳಿಕೊಂಡಿದ್ದರು. "ಹೆಸ್ಕೆತ್ ದಂಪತಿ ಪ್ರಾಮಾಣಿಕರು ಅಂದ್ರಲ್ಲ ಮಾರ್ಜ್, ಬರವಣಿಗೇಲೂ ಇದೆಯಲ್ಲ?" ಎಂದು. ಆ ಬರವಣಿಗೆಗೆ ಬೆಲೆಯಿಲ್ಲ ಎಂದು ಯಾರೋ ಹೇಳುವುದನ್ನು ನಾನು ಒಪ್ಪಲಾರೆ.

ಮಾರ್ಜರಿ


ಫ್ಲೀಟ್‌ವುಡ್
4 ಏಪ್ರಿಲ್ 2019

ಪ್ರಿಯ ಐವರ್,

ಐದು ವಾರವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ನಾನು ಹಾಗೆ ಬರೆಯಬಾರದಿತ್ತೋ ಏನೋ. ತಲೆಗೆ ಕಟ್ಟುವುದಿಲ್ಲ ಎಂದು ಹೇಳುತ್ತಲೇ ಕಟ್ಟಿಬಿಟ್ಟೆನೇನೋ. ಹಾಗಿದ್ದರೆ ಕ್ಷಮಿಸಿ. ಆದರೆ ಆದದ್ದನ್ನು ನಿಮಗೆ ಹೇಳದೆ ಇರಲಾರೆ.

ನಿನ್ನೆ ಜಾರಿ ಅಧಿಕಾರಿ ಮಿ. ಅಚೆಂಪಾಂಗ್ ಫೋನ್ ಮಾಡಿದರು. ನಿಧಾನವಾಗಿ ಮಾತಾಡುವ ಮನುಷ್ಯ. ನೋಟಿಸಿಗೆ ಉತ್ತರ ಬಾರದ್ದರಿಂದ ಬೆಳಿಗ್ಗೆ ಒಂಬತ್ತೂವರೆಗೆ ಆಸ್ಟರ್‌ಲೀಯವರ ಮುಖ್ಯ ಕಚೇರಿಗೆ ಹೋದರಂತೆ. ಮುಂಬಾಗಿಲಲ್ಲಿ ಕೂತ ಹೆಂಗಸು ಪಾಠ ಒಪ್ಪಿಸುವ ಹಾಗೆ, "ಪೀವಿಟ್ ಅನ್ನೋ ಕಂಪನಿ ಈಗ ಇಲ್ಲ ಸರ್" ಅಂದಳಂತೆ.

"ಇಲ್ವಾ? ಹಾಗಾದ್ರೆ ಈ ನಂಬರ್ ಯಾರದಮ್ಮ?" ಎಂದು ಇವರು ವಾರಂಟಿನಲ್ಲಿದ್ದ ಕಂಪನಿಯ ನೋಂದಣಿ ಸಂಖ್ಯೆ ತೋರಿಸಿದರು. ಆಮೇಲೆ ಅವಳ ಹಿಂದಿನ ಗೋಡೆಯ ಮೇಲೆ ಚೌಕಟ್ಟು ಹಾಕಿದ್ದ ಪರವಾನಗಿ ತೋರಿಸಿದರು. ಅಲ್ಲೂ ಅದೇ ಸಂಖ್ಯೆ.

ಆಮೇಲೆ ಪುಸ್ತಕ ತೆಗೆದು ಪಟ್ಟಿ ಮಾಡಲು ಶುರು ಮಾಡಿದರಂತೆ. ಕಾಫಿ ಯಂತ್ರ ಒಂದು. ಚರ್ಮದ ಕುರ್ಚಿ ಹದಿನಾಲ್ಕು. ಕಂಪನಿಯ ಜಾಹೀರಾತು ತೋರಿಸುತ್ತಿದ್ದ ದೊಡ್ಡ ಟಿವಿ ಒಂದು. ಟಿವಿಗೆ ಚೀಟಿ ಅಂಟಿಸುವ ಹೊತ್ತಿಗೆ ದೊಡ್ಡ ಸಾಹೇಬರು ಏದುಸಿರು ಬಿಡುತ್ತಾ ಇಳಿದುಬಂದರು. "ಇದು ಹೆಸರಿನ ಗೊಂದಲ ಅಷ್ಟೆ, ಕೂತು ಮಾತಾಡೋಣ" ಅಂದರು.

ಮಿ. ಅಚೆಂಪಾಂಗ್ ಹೇಳಿದ್ದು, "ಕೂರೋಕೆ ಆಗಲ್ಲ ಸರ್. ಕುರ್ಚಿ ಎಲ್ಲಾ ಜಪ್ತಿಯಾಗಿದೆ."

ಹನ್ನೊಂದು ನಿಮಿಷದಲ್ಲಿ ಎಲ್ಲವನ್ನೂ ಕಾರ್ಡಿನಲ್ಲಿ ಕಟ್ಟಿದರು, ಶುಲ್ಕದ ಸಮೇತ.

ಇನ್ನೂ ಇದೆ. ಅವರು ಹೊರಡುವಾಗ ಆ ಬಾಗಿಲಿನ ಹೆಂಗಸು, ಅವಳ ಹೆಸರು ಬೆಥನ್ ಅಂತೆ, ಹಿಂದೆಯೇ ಬಂದು ಮೆಲ್ಲಗೆ ಕೇಳಿದಳಂತೆ, "ಆ ಅಮ್ಮಂಗೆ ದಾರಿ ತೋರ್ಸಿದ್ದು ಐವರ್ ಅಲ್ವಾ?" ಆಮೇಲೆ ಹೇಳಿದಳಂತೆ. ನಿಮ್ಮನ್ನು ಯಾರೂ ತೆಗೆಯಲಿಲ್ಲ. ನನಗೆ ಬಂದಂಥ ಕಾಗದಗಳು ಇನ್ನೂ ಮೂವತ್ತೊಂದು ಸಹಿಗೆ ಬಂದಾಗ ನೀವು ಪೆನ್ನು ಕೆಳಗಿಟ್ಟು ಎದ್ದಿರಿ. ಹೊಸಬರು ನಿಮಗೆ ಮೇಲಿನ ಹುದ್ದೆ ಕೊಡಬೇಕೆಂದಿದ್ದರು.

ಹೊರಬಿದ್ದವರಲ್ಲಿ ನಾನೂ ಒಬ್ಬ ಎಂದು ಬರೆದಿದ್ದಿರಿ. ಕೆಟ್ಟದ್ದನ್ನೆಲ್ಲ ಬಿಡದೆ ಒಪ್ಪಿಕೊಂಡವರು ಇದನ್ನೇಕೆ ಮುಚ್ಚಿಟ್ಟಿರಿ?

ಇನ್ನು ಮುಂದೆ ಮಂಗಳವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಮಿಸ್ ಎಂಟ್ವಿಸಲ್ ನನಗೊಂದು ಮೇಜು ಕೊಡುತ್ತಾಳೆ. ಆ ಮೂವತ್ತೊಂದು ಜನ ಎಲ್ಲೆಲ್ಲಿಯವರೋ ಗೊತ್ತಿಲ್ಲ. ಸ್ಥಳೀಯ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿಸಿದ್ದೇನೆ. ಆಗಲೇ ಇಬ್ಬರು ಫೋನ್ ಮಾಡಿದ್ದಾರೆ.

ನಿಮಗೆ ಎಷ್ಟು ಋಣಿಯಾಗಿದ್ದೇನೆ ಎಂದು ಬರೆಯಲು ಎರಡು ಹಾಳೆ ಹರಿದುಹಾಕಿದೆ. ಇದು ಮೂರನೆಯದು. ಹೇಗಿದೆಯೋ ಹಾಗೆ ಸ್ವೀಕರಿಸಿ.

ಮಾರ್ಜರಿ


ಪೆನ್ರಿನ್
15 ಏಪ್ರಿಲ್ 2019

ಪ್ರಿಯ ಮಾರ್ಜರಿ ಅವರಿಗೆ,

ನೀವು ನನ್ನ ತಲೆಗೆ ಏನನ್ನೂ ಕಟ್ಟಲಿಲ್ಲ. ಮಾರ್ಚಿನ ಪತ್ರ ಓದಿದ ಮೇಲೆ ಬರೆಯಲು ಕೂತಾಗಲೆಲ್ಲ ರಾಲ್ಫ್ ಅವರ ಹೆಸರಿನ ಹತ್ತಿರ ಬಂದು ಕೈ ನಿಲ್ಲುತ್ತಿತ್ತು. ಅದಕ್ಕೆ ಕಾರಣವಿದೆ. ನಿಮಗೆ ಸೇರಬೇಕಾದ ಒಂದು ವಿಷಯ ನನ್ನ ಬಳಿ ಇದೆ. ಅವರೇ ಯಾವತ್ತಾದರೂ ಹೇಳುತ್ತಾರೆ, ಹೇಳುವ ಹಕ್ಕು ಅವರದು ಎಂದು ಸುಮ್ಮನಿದ್ದೆ. ಈಗ ನಾನೇ ಹೇಳಬೇಕು.

ಅಂದು ತೀರ್ಪಾದ ಮೇಲೆ ನೀವು ಗುಮಾಸ್ತರ ಕಿಟಕಿಯ ಹತ್ತಿರ ಕಾಗದ ಪಡೆಯಲು ನಿಂತಿದ್ದಿರಿ. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಮುಖ ಎತ್ತಲಾಗುತ್ತಿರಲಿಲ್ಲ. ರಾಲ್ಫ್ ಬಂದು ಪಕ್ಕದಲ್ಲಿ ಕೂತರು. ಬೈಯುತ್ತಾರೆ ಎಂದುಕೊಂಡೆ.

"ಮೀಟರ್ ನೋಡೋಕೆ ಯಾರೂ ಬಂದಿರ್ಲಿಲ್ಲ, ಅಲ್ವಾ?" ಎಂದು ಕೇಳಿದರು.

"ಇಲ್ಲ" ಅಂದೆ.

ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. ಆಮೇಲೆ ಹೇಳಿದರು, "ನಾನು ಮೂವತ್ತು ವರ್ಷ ಟ್ರಾಮ್ ಓಡಿಸ್ದೋನು ಕಣಪ್ಪ. ಕಂಡಕ್ಟರ್ ಗಂಟೆ ಹೊಡೆದ ಅಂದ್ರೆ ಹೊರಡ್ಬೇಕು, ಅದು ಕೆಲ್ಸ. ಆದ್ರೆ ಮುಂದೆ ಹಳಿ ಮೇಲೆ ಯಾರಾದ್ರೂ ನಿಂತಿದ್ರೆ, ಅವ್ನು ಎಷ್ಟ್ ಗಂಟೆ ಹೊಡೆದ್ರೂ ಬ್ರೇಕ್ ಇರೋದು ನಮ್ ಕೈಲೇ. ನಿಂಗಿನ್ನೂ ವಯಸ್ಸಿದೆ. ಮುಂದಿನ್ ಸಲ ನೋಡ್ಕೋ." ಬೆನ್ನಿಗೊಂದು ಮೆಲ್ಲನೆ ತಟ್ಟಿ ಎದ್ದು ಹೋದರು.

ಡಿಸೆಂಬರಿನಲ್ಲಿ ಆ ಕಾಗದಗಳ ಕಟ್ಟು ಬಂದಾಗ ಹೆಸರು ನೋಡದೆ ಸಹಿ ಹಾಕುತ್ತಾ ಹೋದೆ. ಐದನೆಯದಕ್ಕೆ ಸಹಿ ಹಾಕಿದ ಮೇಲೆ ಕಣ್ಣಿಗೆ ಬಿದ್ದದ್ದು 'ಹೆಸ್ಕೆತ್, ಫ್ಲೀಟ್‌ವುಡ್'. ಆರನೆಯದಕ್ಕೆ ಕೈ ಏಳಲಿಲ್ಲ. ಬೆಥನ್ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಆದರೆ ಪೆನ್ನು ಕೆಳಗಿಡಿಸಿದ್ದು ನಾನಲ್ಲ, ನಿಮ್ಮ ಯಜಮಾನರು. ಅವರ ಮಾತಿನ ಬಲದಿಂದ ಆದದ್ದನ್ನು ನನ್ನ ಹೆಸರಿಗೆ ಬರೆದುಕೊಳ್ಳಲು ಮನಸ್ಸು ಬರಲಿಲ್ಲ. ಮುಚ್ಚಿಟ್ಟದ್ದು ಅದಕ್ಕೇ.

ಹೊಲದ ಕೆಲಸ ಇವತ್ತಿಗೆ ಮುಗಿಯಿತು. ಮುಂದೇನೆಂದು ಇನ್ನೂ ಗೊತ್ತಿಲ್ಲ. ನನ್ನ ಜೀವನದಲ್ಲಿ ಒಬ್ಬರು ಸರಿಯಾದ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತರು. ಅದಕ್ಕೆ ಅವರಿಗೆ ಕೃತಜ್ಞತೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಐವರ್


ಫ್ಲೀಟ್‌ವುಡ್
2 ಮೇ 2019

ಪ್ರಿಯ ಐವರ್,

ಆ ಕಾರಿಡಾರಿನ ತುದಿಯಿಂದ ನಾನು ನಿಮ್ಮಿಬ್ಬರನ್ನೂ ನೋಡಿದ್ದೆ. ಟ್ರಾಮಿನಲ್ಲಿ ಕೂತ ಮೇಲೆ, "ಆ ಹುಡುಗನ ಹತ್ರ ಏನ್ರೀ ಅಷ್ಟ್ ಮಾತು?" ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿ, "ಏನಿಲ್ಲ. ಮಳೆ ಬರತ್ತೇನೋ ಅಂತ ಮಾತಾಡ್ತಿದ್ವಿ" ಅಂದರು. ನನಗೆ ಸಿಟ್ಟು ಬಂದಿತ್ತು. ನಮಗಿಷ್ಟು ಕಷ್ಟ ಕೊಟ್ಟವನ ಜೊತೆ ಮಳೆಯ ಮಾತೇ ಎಂದು.

ನಲವತ್ತಾರು ವರ್ಷ ಒಟ್ಟಿಗಿದ್ದವರು. ಅವರ ಮಾತುಗಳೆಲ್ಲ ಮುಗಿದುಹೋದವು, ಇನ್ನು ಹೊಸದೇನೂ ಕೇಳಲಾರೆ ಎಂದುಕೊಂಡಿದ್ದೆ. ನಿಮ್ಮ ಪತ್ರವನ್ನು ಓದಿ ಓದಿ ಮಡಿಕೆಯ ಕಡೆ ಹರಿದಿದೆ. ಕಣಪ್ಪ ಎಂದದ್ದು ಅವರೇ. ಉಸಿರು ತೆಗೆದುಕೊಂಡದ್ದೂ ಅವರೇ. ಕೋರ್ಟು ಕೊಡಿಸಿದ್ದಕ್ಕಿಂತ ದೊಡ್ಡದನ್ನು ನೀವು ಅಂಚೆಯಲ್ಲಿ ಕಳಿಸಿದಿರಿ ಎಂದಷ್ಟೇ ಹೇಳಬಲ್ಲೆ.

ಮಂಗಳವಾರದ ಮೇಜಿಗೆ ಈಗ ಒಂಬತ್ತು ಜನ ಬರುತ್ತಿದ್ದಾರೆ. ಪ್ರೆಸ್ಟನ್ನಿನಿಂದ ಒಬ್ಬರು ಊರುಗೋಲು ಹಿಡಿದು ಬರುತ್ತಾರೆ. ಅವರ ವಿಷಯದಲ್ಲಿ ಕಂಪನಿ ತಕರಾರು ತೆಗೆದಿದೆ. ಒಳಗಿನ ಪದ್ಧತಿ ಬಲ್ಲವರೊಬ್ಬರ ಹೇಳಿಕೆ ಬೇಕಾಗಿದೆ. ಕೆಲಸವಿಲ್ಲದೆ ಇದ್ದೀರಿ ಎಂದು ಬರೆದಿದ್ದೀರಿ. ಬನ್ನಿ. ಹಿಂದಿನ ಕೋಣೆ ಖಾಲಿಯಿದೆ, ಬೇಕಾದಷ್ಟು ದಿನ ಇರಬಹುದು. ರೈಲು ಇಳಿದು ಟ್ರಾಮ್ ಹತ್ತಿ ಕೊನೆಯ ನಿಲ್ದಾಣದವರೆಗೆ ಬಂದರೆ, ಮೀನಿನಂಗಡಿಯ ಪಕ್ಕದ ಹಸಿರು ಬಾಗಿಲು.

ಮೊನ್ನೆ ಆ ಕಾರ್ಡಿನ ಮೀಟರನ್ನು ಗೋಡೆಯಿಂದ ಬಿಚ್ಚಿಕೊಂಡು ಹೋದರು. ಸಮುದ್ರದ ಗಾಳಿ ಮೇ ತಿಂಗಳಲ್ಲೂ ಇಲ್ಲಿ ಕೊರೆಯುತ್ತದೆ, ಅದಕ್ಕೆ ಹೆದರಬೇಡಿ. ಮನೆ ಬೆಚ್ಚಗಿರುತ್ತದೆ.

ಮಾರ್ಜರಿ